ಬ್ಯಾಟರಿ ಏರಿಸಿದಿರಿ, ಪಿನಿಯನ್ ಇಳಿಸಿದಿರಾ?

ರಿಮೋಟಿನಿಂದ ಓಡಿಸುವ ಮಾದರಿ ಕಾರಿನ, ಸುಟ್ಟ ವಾರ್ನಿಶ್ ವಾಸನೆ ಹೊಡೆಯುವ ಮೋಟಾರನ್ನು ಕೈಗಿಡುವವರ ದೂರು ಹೆಚ್ಚುಕಡಿಮೆ ಒಂದೇ: "ಮಾಲು ಸರಿಯಿಲ್ಲ ಸಾರ್." ಬಿಚ್ಚಿ ನೋಡಿದರೆ ಮಾಲು ಸರಿಯಾಗಿಯೇ ಇತ್ತು. 2ಎಸ್ ಲಿಪೊ (ಎರಡು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿ) ತೆಗೆದು 3ಎಸ್ (ಮೂರು ಕೋಶಗಳದ್ದು) ಹಾಕಿದ್ದಾರೆ, ಮೋಟಾರಿನ ಶಾಫ್ಟಿಗೆ ಕೂರುವ ಸಣ್ಣ ಗೇರು, ಅಂದರೆ ಪಿನಿಯನ್, ಹಳೆಯದೇ ಉಳಿದಿದೆ. ಕೆಲವರಂತೂ ಅದೇ ಉತ್ಸಾಹದಲ್ಲಿ ಪಿನಿಯನ್ನಿಗೂ ಎರಡು ಹಲ್ಲು ಸೇರಿಸಿರುತ್ತಾರೆ. ವೇಗ ಬೇಕಾದರೆ ಎಲ್ಲವನ್ನೂ ಏರಿಸಬೇಕು ಎಂಬ ಲೆಕ್ಕ ಅವರದು. ವೋಲ್ಟೇಜ್ ಏರಿದರೆ ಪಿನಿಯನ್ ಇಳಿಯಬೇಕು. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲವಾದ್ದರಿಂದ ಅಂಕಿಗಳಲ್ಲೇ ತೋರಿಸುತ್ತೇನೆ.

ಒಂದು ಟೂರಿಂಗ್ ಕಾರು ಇದೆ ಎನ್ನಿ. ಪಿನಿಯನ್ ತಿರುಗಿಸುವ ದೊಡ್ಡ ಗೇರಿಗೆ, ಅಂದರೆ ಸ್ಪರ್‌ಗೆ, 70 ಹಲ್ಲು, ಪಿನಿಯನ್ 22, ಒಳಗಿನ ಗೇರುಗಳ ಅನುಪಾತ 2.6. 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಚಕ್ರ ಒಂದು ಸುತ್ತು ಬರಲು ಮೋಟಾರು ಅಷ್ಟು ಸುತ್ತು ತಿರುಗಬೇಕು. ಮೋಟಾರು 3300 ಕೆವಿಯದಾದರೆ (ಕೆವಿ ಎಂದರೆ ಭಾರವಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ) 2ಎಸ್‌ನ 7.4 ವೋಲ್ಟಿಗೆ ನಿಮಿಷಕ್ಕೆ 24,420 ಸುತ್ತು. 64 ಮಿ.ಮೀ. ಟೈರಿಗೆ ಅದು ಕಾಗದದ ಮೇಲೆ ಗಂಟೆಗೆ ಸುಮಾರು 35.6 ಕಿ.ಮೀ. ಅದೇ ಗೇರಿನಲ್ಲಿ 3ಎಸ್ ಹಾಕಿದರೆ 11.1 ವೋಲ್ಟು, 53 ಕಿ.ಮೀ. ಓಡುತ್ತದೆ, ಸಂತೋಷ. ಆದರೆ ವೇಗ ಒಂದೂವರೆ ಪಟ್ಟಾದಾಗ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಕರೆಂಟೂ ಅದೇ ಪ್ರಮಾಣದಲ್ಲಿ ಏರಿದರೆ ಸುರುಳಿಯ ಬಿಸಿ ಕರೆಂಟಿನ ವರ್ಗದಂತೆ ಏರಿ ಐದು ಪಟ್ಟಾಗುತ್ತದೆ. ಟೈರು ಉರುಳುವಾಗಿನ ಘರ್ಷಣೆ ಹೀಗೆ ಏರುವುದಿಲ್ಲ, ಆದ್ದರಿಂದ ನಿಜದಲ್ಲಿ ಐದು ಪಟ್ಟು ಆಗಲಿಕ್ಕಿಲ್ಲ. ಮೂರು ಪಟ್ಟಾದರೂ ಸಾಕಲ್ಲ, ಸುಡುವುದಕ್ಕೆ?

ಈಗ 22ರ ಜಾಗದಲ್ಲಿ 15 ಹಲ್ಲಿನ ಪಿನಿಯನ್ ಹಾಕಿ. ಅನುಪಾತ 12.13, 3ಎಸ್‌ನಲ್ಲೂ ವೇಗ ಸುಮಾರು 36 ಕಿ.ಮೀ. "ಹಾಗಾದರೆ 3ಎಸ್ ಯಾಕೆ?" ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಅದೇ ವೇಗಕ್ಕೆ ಮೋಟಾರಿನ ಮೇಲಿನ ಭಾರ ಮೂರನೇ ಒಂದಂಶ ಇಳಿಯಿತು, ಸುರುಳಿಯ ಬಿಸಿ ಅರ್ಧಕ್ಕಿಂತ ಕೆಳಗೆ ಬಂತು, ನಿಂತಲ್ಲಿಂದ ಚಿಮ್ಮುವ ಬಲವೂ ಹೆಚ್ಚಿತು. 15ಕ್ಕೂ 22ಕ್ಕೂ ನಡುವೆ ನಿಮಗೆಷ್ಟು ವೇಗ ಬೇಕೋ ಅಲ್ಲಿ ನಿಲ್ಲಬಹುದು: 17 ಹಲ್ಲಿಗೆ ಸುಮಾರು 41 ಕಿ.ಮೀ. ಕೆಲವು ಷಾಸಿಗಳಲ್ಲಿ ಮೋಟಾರು ಕೂರಿಸಲು ಗೊತ್ತಾದ ತೂತುಗಳಷ್ಟೇ ಇರುತ್ತವೆ, ಎಲ್ಲ ಪಿನಿಯನ್ನೂ ಹಿಡಿಸುವುದಿಲ್ಲ. ಕೊಳ್ಳುವ ಮುಂಚೆ ನೋಡಿಕೊಳ್ಳಿ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) 3ಎಸ್ ತಾಳಿಕೊಳ್ಳುತ್ತದೋ, ಮೋಟಾರಿನ ಗರಿಷ್ಠ ಸುತ್ತು ಎಷ್ಟೋ, ಅದನ್ನೂ.

ಟೈರೂ ಒಂದು ಗೇರೇ. ಇದನ್ನು ಮರೆಯದವರು ಕಡಿಮೆ. 64 ಮಿ.ಮೀ. ತೆಗೆದು 70 ಮಿ.ಮೀ. ಟೈರು ಹಾಕಿದಿರೆಂದರೆ ಪಿನಿಯನ್ನಿಗೆ ಎರಡು ಹಲ್ಲು ಸೇರಿಸಿದಂತೆಯೇ ಆಯಿತು. ಹುಲ್ಲು, ಸಡಿಲ ಮರಳಿನಲ್ಲಿ ಓಡಿಸುವುದಾದರೆ ಮತ್ತೆ ಒಂದೆರಡು ಹಲ್ಲು ಇಳಿಸಿ.

ಲೆಕ್ಕ ಎಷ್ಟೇ ಇರಲಿ, ಕೊನೆಯ ಮಾತು ತಾಪಮಾಪಕದ್ದು. ಸಣ್ಣ ಪಿನಿಯನ್ನಿನಿಂದ ಶುರುಮಾಡಿ, ಎಂದಿನಂತೆ 3 ನಿಮಿಷ ಓಡಿಸಿ, ಕಾರು ನಿಂತ ತಕ್ಷಣ ಇನ್‌ಫ್ರಾರೆಡ್ ಮಾಪಕವನ್ನು ಮೋಟಾರಿನ ಡಬ್ಬಿಗೆ ಹಿಡಿಯಿರಿ. 70 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಇನ್ನೊಂದು ಹಲ್ಲು ಸೇರಿಸಿ ನೋಡಬಹುದು, 80 ದಾಟಿದರೆ ಅಲ್ಲೇ ನಿಲ್ಲಿಸಿ. ಒಳಗೆ ತಿರುಗುವ, ಅಯಸ್ಕಾಂತವಿರುವ ರೋಟರು ಡಬ್ಬಿಗಿಂತ ಬಿಸಿಯಾಗಿರಬಹುದು, ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ ಆ ಬಿಸಿಗೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಅಯಸ್ಕಾಂತ ಸೋತರೆ ಅದೇ ಬಲಕ್ಕೆ ಹೆಚ್ಚು ಕರೆಂಟು, ಹೆಚ್ಚು ಬಿಸಿ, ಮತ್ತಷ್ಟು ಸೋಲು. "ಫ್ಯಾನ್ ಹಾಕಿದರೆ ಆಗದೇ?" ಕೆಲವು ಡಿಗ್ರಿ ಇಳಿಯುತ್ತದೆ, ತಪ್ಪು ಗೇರು ಸರಿಯಾಗುವುದಿಲ್ಲ.

ಬ್ಯಾಟರಿಯ ಸಿ ಅಂಕಿಯ (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟು ಕೊಡಬಲ್ಲದು ಎಂಬುದರ) ಬಗ್ಗೆ ಒಂದೇ ಮಾತು: 5000 ಎಂಎಎಚ್, 50ಸಿ ಎಂದರೆ 250 ಆಂಪಿಯರ್ ಕೊಡಬಲ್ಲೆ ಎಂಬ ಹೇಳಿಕೆ, ಅಷ್ಟೇ. ಅಷ್ಟನ್ನೂ ಮೋಟಾರಿಗೆ ತಳ್ಳುವುದಿಲ್ಲ, ಮೋಟಾರು ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ಕೆವಿಯೂ ಬಲದ ಅಳತೆಯಲ್ಲ. ಒಂದೇ ಗಾತ್ರದ ಎರಡು ಮೋಟಾರುಗಳಲ್ಲಿ ಕೆವಿ ಹೆಚ್ಚಿರುವುದು ಪ್ರತಿ ಆಂಪಿಯರಿಗೆ ಕಡಿಮೆ ತಿರುಚುಬಲ ಕೊಡುತ್ತದೆ.

ಪಿನಿಯನ್ ಬದಲಿಸುವಾಗ ಅದರ ಪಿಚ್, ಅಂದರೆ ಹಲ್ಲಿನ ಗಾತ್ರ, ಸ್ಪರ್‌ನದಕ್ಕೆ ಹೊಂದಬೇಕು. 48 ಪಿಚ್ ಮತ್ತು ಮಾಡ್ಯೂಲ್ 0.6 (ಹಲ್ಲಿನ ಗಾತ್ರ ಹೇಳುವ ಎರಡು ಬೇರೆ ಪದ್ಧತಿಗಳು) ಕಣ್ಣಿಗೆ ಒಂದೇ ಥರ ಕಂಡರೂ ಜೊತೆಗೆ ಹಾಕಿದರೆ ಸ್ಪರ್ ಹಲ್ಲು ತಿಂದುಹಾಕುತ್ತವೆ. ಪಿನಿಯನ್ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಲಿ, ಒಂದು ಹನಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಇರಲಿ. ಮೋಟಾರು ಕೂರಿಸುವ ಸ್ಕ್ರೂ ಉದ್ದವಾದರೆ ಒಳಗಿನ ಸುರುಳಿಗೆ ತಾಗುತ್ತದೆ, ಹುಷಾರು. ಪಿನಿಯನ್ ಮತ್ತು ಸ್ಪರ್ ನಡುವೆ ತೆಳು ಕಾಗದದ ಪಟ್ಟಿ ಸಿಕ್ಕಿಸಿ, ಒತ್ತಿ ಹಿಡಿದು ಸ್ಕ್ರೂ ಬಿಗಿದು, ಕಾಗದ ಹೊರಗೆ ತೆಗೆಯಿರಿ. ಸ್ಪರ್ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಕೈಗೆ ಸಿಗಬೇಕು. ಒಂದೇ ಕಡೆ ನೋಡಿ ಬಿಡಬೇಡಿ. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ಒಂದು ಸುತ್ತು ತಿರುಗಿಸಿ ನಾಲ್ಕೈದು ಕಡೆ ನೋಡಿ, ಬಿಗಿಯಾದ ಕಡೆಯಲ್ಲೂ ಆ ಆಟ ಉಳಿಯುವಂತೆ ಕೂರಿಸಿ.