ಥರ್ಸ್ಲಿ ಕಾಮನ್: ಕಡಿದರೆ ಉಳಿಯುವ ಬಯಲು

ಇಂಗ್ಲೆಂಡಿನ ಸರ್ರೆ ಜಿಲ್ಲೆಯಲ್ಲಿ ಥರ್ಸ್ಲಿ ಕಾಮನ್ ಎಂಬ ರಾಷ್ಟ್ರೀಯ ನಿಸರ್ಗಧಾಮ ಇದೆ. ಇದು ಹೀತ್ ಬಯಲು. ಹೀತ್ ಅಂದರೆ ಮರ ಕಡಿಮೆ, ಸಾರವಿಲ್ಲದ ಆಮ್ಲೀಯ ಮರಳು ಮಣ್ಣು, ಅದರ ಮೇಲೆ ನೇರಳೆ ಹೂವಿನ ಹೆದರ್ ಪೊದೆ. ನಡುನಡುವೆ ಹುಲ್ಲು, ತಗ್ಗಿನಲ್ಲಿ ಜೌಗು.

ಸಂರಕ್ಷಿತ ಜಾಗ ಅಂದರೆ ಯಾರೂ ಮುಟ್ಟಬಾರದು ಅಂದುಕೊಳ್ಳುತ್ತೇವೆ, ಅಲ್ವಾ? ಹೀತ್ ವಿಷಯದಲ್ಲಿ ಅದು ತಪ್ಪು. ಸಾವಿರಾರು ವರ್ಷಗಳ ಹಿಂದೆ ಜನ ಇಲ್ಲಿನ ಕಾಡು ಕಡಿದರು. ಆಮೇಲೆ ದನ ಮೇಯಿಸಿದರು, ಒಲೆ ಉರಿಸಲು ಬೇರು ಸಮೇತ ಮೇಲ್ಮಣ್ಣಿನ ಹೆಂಟೆ ಅಗೆದರು, ಹೆದರ್ ಕೊಯ್ದರು. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟ ನೆನೆಸಿಕೊಳ್ಳಿ. ಸೊಪ್ಪು, ದರಕು ತೋಟಕ್ಕೆ ಹೋದಷ್ಟೂ ಬೆಟ್ಟದ ಸಾರವೂ ಜೊತೆಗೇ ಇಳಿದುಹೋಗುತ್ತದೆ. ಇಲ್ಲೂ ಅದೇ ಆಯಿತು. ಮಣ್ಣು ಬಡವಾಗಿಯೇ ಉಳಿಯಿತು, ಹೆದರ್‌ಗೆ ಬೇಕಾದ್ದೂ ಅದೇ. ಸುಮ್ನೆ ಬಿಟ್ಟರೆ ಬರ್ಚ್, ಪೈನ್ ಸಸಿಗಳು ಎದ್ದು ನೆರಳು ಕವಿಯುತ್ತದೆ. ಅದಕ್ಕೇ ಇವತ್ತೂ ಸಸಿ ಕೀಳುತ್ತಾರೆ, ದನ ಬಿಡುತ್ತಾರೆ. ಅಲ್ಲಲ್ಲಿ ಬರಿ ಮರಳನ್ನೂ ಉಳಿಸಬೇಕು. ಮರಳು ಹಲ್ಲಿ ಮೊಟ್ಟೆ ಹೂಳುವುದು ಬಿಸಿಲು ಬೀಳುವ ಅಂಥ ಮರಳಿನಲ್ಲೇ.

ಇನ್ನು ಜೌಗು. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಇಲ್ಲಿ ಸ್ಫ್ಯಾಗ್ನಮ್ ಪಾಚಿ ಹಾಸಿಕೊಂಡಿದೆ. ಒಣಗಿದಾಗಿನ ತೂಕದ 20 ಪಟ್ಟಿನವರೆಗೂ ಅದು ನೀರು ಹಿಡಿಯಬಲ್ಲದು. ನಿಂತ ನೀರಿನಲ್ಲಿ ಆಮ್ಲಜನಕ ಸಾಲದು, ಹಾಗಾಗಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರ ಕೂತು ಕಪ್ಪು ಪೀಟ್ ಆಗುತ್ತದೆ. ಇಲ್ಲಿ ಸಾರಜನಕಕ್ಕೂ ಬರ. ಡ್ರಾಸೆರಾ ಗಿಡ ಎಲೆಯ ಅಂಟುಹನಿಗಳಿಂದ ಹುಳ ಹಿಡಿದು ಆ ಕೊರತೆ ತುಂಬಿಕೊಳ್ಳುತ್ತದೆ. ಇದರ ಬಂಧುಗಳು ಪಶ್ಚಿಮ ಘಟ್ಟದ ಮುರಕಲ್ಲು ಹಾಸುಗಳ ಮೇಲೂ ಇವೆ. ಮಳೆಗಾಲದಲ್ಲಿ ಬಗ್ಗಿ ನೋಡಿದರೆ ಕೆಂಪಗೆ ಮಿನುಗುತ್ತವೆ. ಥರ್ಸ್ಲಿ ಏರೋಪ್ಲೇನ್ ಚಿಟ್ಟೆಗಳಿಗೂ ಹೆಸರುವಾಸಿ. ಅವುಗಳ ಮರಿಗಳು ಬೆಳೆಯುವುದು ಇಲ್ಲಿನ ನೀರಿನಲ್ಲೇ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸರ್ ಪಟ್ಟಿಯಲ್ಲೂ ಈ ಜೌಗು ಇದೆ.

ಬೆಂಕಿಯನ್ನು ಮರೆಯದೆ ಬರೆದುಕೊಳ್ಳಿ. 2006ರಲ್ಲಿ ಒಮ್ಮೆ, 2020ರ ಮೇ ಕೊನೆಯಲ್ಲಿ ಮತ್ತೊಮ್ಮೆ ಇಲ್ಲಿ ದೊಡ್ಡ ಬೆಂಕಿ ಬಿತ್ತು. ಜೌಗಿನ ಮೇಲೆ ನಡೆಯಲು ಹಾಕಿದ್ದ ಹಲಗೆ ದಾರಿಯೂ ಸುಟ್ಟಿತು. ಒಣಗಿದ ಪೀಟ್‌ಗೆ ಕಿಡಿ ತಗುಲಿದರೆ ನೆಲದೊಳಗೇ ಹೊಗೆಯಾಡುತ್ತಿರುತ್ತದೆ, ಆರಿಸುವುದು ಬಲು ಕಷ್ಟ. ಮೇ ತಿಂಗಳು ಹಕ್ಕಿಗಳು ಗೂಡು ಕಟ್ಟುವ ಕಾಲ ಬೇರೆ. ಡಾರ್ಟ್‌ಫರ್ಡ್ ವಾರ್ಬ್ಲರ್ ತಗ್ಗು ಪೊದೆಯಲ್ಲಿ ಗೂಡು ಮಾಡುತ್ತದೆ. ನೈಟ್‌ಜಾರ್ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ.