ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದೊಳಗೆ ಪೊಲೀಸರು ಹೋಗುವಂತಿಲ್ವಾ?

ಪ್ರಶ್ನೆ: ಮೆಕ್ಸಿಕೊ ಸಿಟಿಯ ‘ಉನಾಮ್’ (ಮೆಕ್ಸಿಕೊ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ) ಕ್ಯಾಂಪಸ್‌ಗೆ ಪೊಲೀಸರು ಕಾಲಿಡುವಂತಿಲ್ಲವಂತೆ. ಅಂಥ ಕಾನೂನು ನಿಜವಾಗಿ ಇದೆಯಾ?

ಉತ್ತರ: ಇಲ್ಲ. ಉನಾಮ್‌ನ ಪೂರ್ತಿ ಹೆಸರಲ್ಲಿ ‘ಸ್ವಾಯತ್ತ’ ಅನ್ನುವ ಪದವಿದೆ. ಕುಲಪತಿ ಯಾರು, ಪಾಠ ಯಾವುದು, ಸರ್ಕಾರ ಕೊಟ್ಟ ದುಡ್ಡು ಹೇಗೆ ಖರ್ಚಾಗಬೇಕು ಎಂಬುದನ್ನು ವಿಶ್ವವಿದ್ಯಾಲಯವೇ ತೀರ್ಮಾನಿಸುತ್ತದೆ, ಅಷ್ಟೇ. 1980ರಲ್ಲಿ ಸಂವಿಧಾನಕ್ಕೆ ಸೇರಿದ್ದೂ ಇದೇ. ಕಳ್ಳನನ್ನು ಹಿಡಿಯಲು ಗೇಟು ದಾಟಬಾರದು ಅಂತ ಎಲ್ಲೂ ಬರೆದಿಲ್ಲ. ಆದರೂ ಪೊಲೀಸರು ಒಳಗೆ ಹೋಗಲು ಹಿಂದೆಮುಂದೆ ನೋಡುತ್ತಾರೆ. ಯಾಕೆಂದರೆ ಹಿಂದೆ ಹೋದಾಗಲೆಲ್ಲ ದೊಡ್ಡ ರಂಪವಾಗಿದೆ.

ಈಗಿನ ವಿಶ್ವವಿದ್ಯಾಲಯ ಶುರುವಾದದ್ದು 1910ರಲ್ಲಿ. 1929ರಲ್ಲಿ ಕಾನೂನು ವಿದ್ಯಾರ್ಥಿಗಳು ಹೊಸ ಪರೀಕ್ಷಾ ಪದ್ಧತಿ ಬೇಡ ಅಂತ ಮುಷ್ಕರಕ್ಕೆ ಕೂತರು. ಹೌದು, ಪರೀಕ್ಷೆಯ ಜಗಳವೇ! ಮೇ 23ರಂದು ಪೊಲೀಸರು ಅವರ ಮೇಲೆ ಬಿದ್ದರು. ಸಿಟ್ಟು ಊರಿಡೀ ಹಬ್ಬಿತು. ಅಧ್ಯಕ್ಷ ಎಮಿಲಿಯೊ ಪೋರ್ಟೆಸ್ ಗಿಲ್ ಸ್ವಾಯತ್ತತೆ ಕೊಟ್ಟು ತಣ್ಣಗಾಗಿಸಿದರು.

1968 ಬೇರೆಯೇ ಮಟ್ಟದ್ದು. ಆ ವರ್ಷ ವಿದ್ಯಾರ್ಥಿಗಳು ಸರ್ಕಾರದ ವಿರುದ್ಧ ಬೀದಿಗಿಳಿದಿದ್ದರು. ಜುಲೈ 30ರಂದು, ಮಧ್ಯರಾತ್ರಿ ಕಳೆದ ಮೇಲೆ, ಸೈನಿಕರು ಉನಾಮ್‌ಗೆ ಸೇರಿದ ಸಾನ್ ಇಲ್ದೆಫೊನ್ಸೊ ಕಾಲೇಜಿನ ಹಳೇ ಮರದ ಬಾಗಿಲನ್ನು ಬಝೂಕಾದಿಂದ (ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಆಯುಧ) ಉಡಾಯಿಸಿದರು. ಒಳಗಿದ್ದವರು ಹುಡುಗರು! ಕುಲಪತಿ ಹಾವಿಯೆರ್ ಬಾರೋಸ್ ಸಿಯೆರಾ ಬಾವುಟವನ್ನು ಅರ್ಧಕ್ಕೆ ಇಳಿಸಿದರು, ಆಗಸ್ಟ್ 1ರಂದು ತಾವೇ ಮೆರವಣಿಗೆಯ ಮುಂದೆ ನಡೆದರು. ಎಷ್ಟು ಕುಲಪತಿಗಳು ಹಾಗೆ ಮಾಡ್ತಾರೆ, ಹೇಳಿ? ಸೆಪ್ಟೆಂಬರ್ 18ರಂದು ಸೇನೆ ಇಡೀ ಕ್ಯಾಂಪಸ್ಸನ್ನೇ ಹಿಡಿಯಿತು. ಉರುಗ್ವೆಯ ಕವಯಿತ್ರಿಯೊಬ್ಬರು ಶೌಚಾಲಯದಲ್ಲಿ ಅಡಗಿ ಕೂತು, ನಲ್ಲಿ ನೀರು ಕುಡಿದು ದಿನಗಳೆದರು ಅನ್ನುತ್ತಾರೆ. ಅಕ್ಟೋಬರ್ 2ರಂದು ತ್ಲಾತೆಲೋಲ್ಕೊ ಚೌಕದಲ್ಲಿ ಸಭೆ ಸೇರಿದ್ದವರ ಮೇಲೆ ಗುಂಡು ಹಾರಿತು. ಅದೇ ಊರಿನಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸ್‌ಗೆ ಹತ್ತೇ ದಿನ ಬಾಕಿ. ಸತ್ತವರೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

1999ರದ್ದು ಫೀಸಿನ ಗಲಾಟೆ. 1948ರಿಂದಲೂ ವರ್ಷದ ಫೀಸು 200 ಪೆಸೊ. 1993ರಲ್ಲಿ ಸರ್ಕಾರ ನೋಟಿನಿಂದ ಮೂರು ಸೊನ್ನೆ ತೆಗೆಯಿತು. 200 ಪೆಸೊ ಹೋಗಿ 20 ಸೆಂತಾವೊ ಆಯಿತು. ಅಂದರೆ ಒಂದು ಪೆಸೊದ ಐದನೇ ಒಂದು ಭಾಗ! ಏರಿಸಬೇಕು ಅಂತ ಆಡಳಿತಕ್ಕೆ ಅನಿಸಿದ್ದು ಸಹಜವೇ. ಆದರೆ ಸರ್ಕಾರಿ ಓದು ಪುಕ್ಕಟೆ ಇರಬೇಕು ಅಂತ ವಿದ್ಯಾರ್ಥಿಗಳು ಏಪ್ರಿಲ್ 20ರಿಂದ ಕ್ಯಾಂಪಸ್ ಮುಚ್ಚಿಸಿದರು. ಒಂಬತ್ತು ತಿಂಗಳು ದಾಟಿತು. ಕೊನೆಕೊನೆಗೆ ಅವರ ಪರ ಇದ್ದವರೂ ಸುಸ್ತಾಗಿದ್ದರು. 2000ದ ಫೆಬ್ರವರಿ 6ರಂದು ಕೇಂದ್ರದ ಪೊಲೀಸರು ನುಗ್ಗಿ ನೂರಾರು ಮಂದಿಯನ್ನು ಹಿಡಿದರು. 1968ರ ನೆನಪು ಎಷ್ಟಿತ್ತೆಂದರೆ, ಪೊಲೀಸರ ಕೈಯಲ್ಲಿ ಬಂದೂಕೇ ಇರಲಿಲ್ಲ.

ಫೀಸು ಮಾತ್ರ ಏರಲಿಲ್ಲ.