ಹರಿವು ಪ್ರೇರಿತ ಕಂಪನ

ಗಾಳಿ, ನೀರು, ಹಬೆ ಮೊದಲಾದವು ಒಂದು ಘನವಸ್ತುವಿನ ಸುತ್ತ ಅಥವಾ ಅದರ ಒಳಗೆ ಹರಿಯುವಾಗ ಆ ವಸ್ತುವಿನಲ್ಲಿ ಹುಟ್ಟುವ ನಡುಕವನ್ನು ಎಂಜಿನಿಯರಿಂಗ್ ಪರಿಭಾಷೆಯಲ್ಲಿ ಹರಿವು ಪ್ರೇರಿತ ಕಂಪನ ಎನ್ನುತ್ತಾರೆ. ಹರಿವು ವಸ್ತುವನ್ನು ತಳ್ಳುತ್ತದೆ ಎಂಬುದಷ್ಟೇ ಇದರ ಅರ್ಥವಲ್ಲ. ವಸ್ತು ಅಲುಗಿದೊಡನೆ ಅದರ ಸುತ್ತಲಿನ ಹರಿವಿನ ಸ್ವರೂಪ ಬದಲಾಗುತ್ತದೆ, ಬದಲಾದ ಹರಿವು ವಸ್ತುವಿನ ಮೇಲೆ ಬೇರೊಂದು ಬಲವನ್ನು ಹೇರುತ್ತದೆ; ಈ ಕೊಡುಕೊಳ್ಳುವಿಕೆಯ ಅಧ್ಯಯನವೇ ಈ ಕ್ಷೇತ್ರದ ತಿರುಳು. ಆದ್ದರಿಂದಲೇ ಇಲ್ಲಿ ಬಲ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾವ ಲಯದಲ್ಲಿ, ಯಾವ ದಿಕ್ಕಿನಲ್ಲಿ ಬರುತ್ತದೆ ಎಂಬುದು ಮುಖ್ಯವಾಗುತ್ತದೆ. ಬಿರುಗಾಳಿಗೆ ಜಗ್ಗದ ತಂತಿ, ಎಲೆ ಅಲುಗುವಷ್ಟು ಗಾಳಿಗೆ ವರ್ಷಗಟ್ಟಲೆ ಮೈಯೊಡ್ಡಿ ಎಳೆ ಎಳೆಯಾಗಿ ಕಡಿದುಹೋಗುವುದುಂಟು.

ದುಂಡನೆಯ ಕಂಬವೊಂದರ ಸುತ್ತ ಹರಿಯುವ ನೀರು ತೀರ ನಿಧಾನವಾಗಿದ್ದರೆ ಕಂಬವನ್ನು ಎರಡೂ ಕಡೆಯಿಂದ ಬಳಸಿ ಹಿಂಬದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ವೇಗ ತುಸು ಹೆಚ್ಚಿದಾಗ ಕಂಬದ ಬೆನ್ನಿಗೆ ಎರಡು ಸುಳಿಗಳು ಅಂಟಿಕೊಂಡು ನಿಲ್ಲುತ್ತವೆ. ವೇಗ, ಗಾತ್ರ ಮತ್ತು ದ್ರವದ ಸ್ನಿಗ್ಧತೆ ಮೂರನ್ನೂ ಒಟ್ಟಿಗೆ ಅಳೆಯುವ ರೆನಾಲ್ಡ್ಸ್ ಸಂಖ್ಯೆ ಸುಮಾರು 47ನ್ನು ದಾಟಿದರೆ ಈ ಜೋಡಿ ಸ್ಥಿರವಾಗಿ ನಿಲ್ಲಲಾರದು. ಒಮ್ಮೆ ಎಡಬದಿಯ ಸುಳಿ, ಒಮ್ಮೆ ಬಲಬದಿಯ ಸುಳಿ ಕಳಚಿಕೊಂಡು ಹರಿವಿನೊಂದಿಗೆ ಸಾಗತೊಡಗುತ್ತದೆ. ಒಂದೊಂದು ಸುಳಿ ಕಳಚಿದಾಗಲೂ ಕಂಬದ ಮೇಲಿನ ಒತ್ತಡ ಎಡಬಲಗಳ ನಡುವೆ ಹೊಯ್ದಾಡುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ವಿದ್ಯಾರ್ಥಿ ಕಾರ್ಲ್ ಹೀಮೆನ್ಜ್ ಸಿಲಿಂಡರಿನ ಸುತ್ತಲಿನ ಒತ್ತಡವನ್ನು ಅಳೆಯಲು ಹೊರಟಾಗ ಎದುರಾದದ್ದು ಈ ಹೊಯ್ದಾಟವೇ. ಸಿಲಿಂಡರನ್ನು ಇನ್ನಷ್ಟು ದುಂಡಗೆ ಮಾಡಿದರೂ ಕಾಲುವೆಯನ್ನು ತಿದ್ದಿದರೂ ಅದು ನಿಲ್ಲಲಿಲ್ಲ. ಅದು ಉಪಕರಣದ ದೋಷವಲ್ಲ, ಹರಿವಿನ ಸಹಜ ಗುಣ ಎಂಬುದಕ್ಕೆ ಗಣಿತದ ಆಧಾರ ಒದಗಿಸಿದವರು ಆಗ ಅಲ್ಲಿಯೇ ಇದ್ದ ಥಿಯೋಡರ್ ಫಾನ್ ಕಾರ್ಮನ್. 1911ರಲ್ಲಿ ಅವರು ನಡೆಸಿದ ಲೆಕ್ಕಾಚಾರದಿಂದಾಗಿ ಈ ಸುಳಿಸಾಲಿಗೆ ಅವರ ಹೆಸರೇ ಅಂಟಿಕೊಂಡಿತು.

ಲಯದ ಸೂತ್ರ ಅದಕ್ಕೂ ಹಳೆಯದು. 1878ರಲ್ಲಿ ಜೆಕ್ ಭೌತವಿಜ್ಞಾನಿ ಚೆನ್ಯೆಕ್ ಸ್ಟ್ರೌಹಾಲ್ ತಂತಿಗಳನ್ನು ಚೌಕಟ್ಟಿಗೆ ಬಿಗಿದು ಗಾಳಿಯಲ್ಲಿ ತಿರುಗಿಸಿ, ಅವು ಹೊರಡಿಸುವ ನಾದವನ್ನು ಅಭ್ಯಸಿಸಿದರು. ಆ ನಾದದ ಸ್ಥಾಯಿ ತಂತಿಯ ಬಿಗಿತವನ್ನು ಅವಲಂಬಿಸಿರಲಿಲ್ಲ. ಅದನ್ನು ನಿರ್ಧರಿಸುತ್ತಿದ್ದುದು ವೇಗ ಮತ್ತು ದಪ್ಪ ಮಾತ್ರ. ವೇಗವನ್ನು ವ್ಯಾಸದಿಂದ ಭಾಗಿಸಿ ಸುಮಾರು 0.2ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಆವರ್ತ ಸುಳಿಗಳು ಕಳಚುತ್ತವೆ ಎಂಬುದು ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯಲ್ಲಿ 25 ಮಿಲಿಮೀಟರ್ ದಪ್ಪದ ವಿದ್ಯುತ್ ತಂತಿ ಸೆಕೆಂಡಿಗೆ 40 ಸಲ ಮೇಲೆ ಕೆಳಗೆ ದೂಡಿಸಿಕೊಳ್ಳುತ್ತದೆ. ಅದೇ ಲೆಕ್ಕದಲ್ಲಿ, ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ನಿಂತ 3 ಮೀಟರ್ ವ್ಯಾಸದ ಕಾರ್ಖಾನೆಯ ಚಿಮಣಿಗೆ ಒಂದು ಆವರ್ತಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆ.

ಈ ಲಯ ವಸ್ತುವಿನ ಸ್ವಾಭಾವಿಕ ಕಂಪನದ ಲಯಕ್ಕೆ ಹತ್ತಿರವಾದಾಗ ತೊಂದರೆ ಶುರುವಾಗುತ್ತದೆ. ಜೋಕಾಲಿಯನ್ನು ಸರಿಯಾದ ಗಳಿಗೆಯಲ್ಲಿ ಮೆಲ್ಲನೆ ತಳ್ಳುತ್ತ ಹೋದಂತೆ ಎಂದು ಪಠ್ಯಪುಸ್ತಕಗಳು ವಿವರಿಸುವುದು ಇದನ್ನೇ. ಆದರೆ ಆ ಹೋಲಿಕೆ ಅರ್ಧ ದಾರಿಗೆ ಮಾತ್ರ ಸಾಲುತ್ತದೆ. ವಸ್ತು ಒಮ್ಮೆ ಜೋರಾಗಿ ಆಡತೊಡಗಿದರೆ ಸುಳಿಗಳೇ ತಮ್ಮ ಲಯವನ್ನು ಬಿಟ್ಟು ವಸ್ತುವಿನ ಲಯಕ್ಕೆ ಹೊಂದಿಕೊಳ್ಳುತ್ತವೆ. ಗಾಳಿಯ ವೇಗ ತುಸು ಏರಿದರೂ ಇಳಿದರೂ ಈ ಹೊಂದಾಣಿಕೆ ಮುರಿಯುವುದಿಲ್ಲ. ಇದನ್ನು ಲಾಕ್-ಇನ್ ಎನ್ನುತ್ತಾರೆ. ಕಂಪನದ ಅಳತೆ ಸಾಮಾನ್ಯವಾಗಿ ವಸ್ತುವಿನ ವ್ಯಾಸದ ಆಸುಪಾಸಿನಲ್ಲಿ ತಾನೇ ನಿಂತುಬಿಡುತ್ತದೆ ಎಂಬುದೊಂದೇ ಸಮಾಧಾನ.

ಹೈಟೆನ್ಷನ್ ಲೈನಿನ ಟವರ್ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ, ಇನ್ಸುಲೇಟರಿನಿಂದ ಸ್ವಲ್ಪ ದೂರದಲ್ಲಿ ತಂತಿಗೆ ಕ್ಲಾಂಪ್ ಹಾಕಿ ತೂಗುಬಿಟ್ಟ ಡಂಬೆಲ್ ಆಕಾರದ ಸಣ್ಣ ವಸ್ತು ಕಾಣುತ್ತದೆ. ಗಿಡ್ಡ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ತೂಕ, ಅಷ್ಟೇ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಜ್ ರೂಪಿಸಿದ ಈ ಸಾಧನ ಕರ್ನಾಟಕದ ಲೈನುಗಳಲ್ಲೂ ಇದೆ. ತಂತಿ ನಡುಗಿದಾಗ ತೂಕಗಳು ಕುಣಿಯುತ್ತವೆ, ನಡುವಿನ ಹಗ್ಗದ ಎಳೆಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಚಿಮಣಿಗಳಿಗೆ ಉಪಾಯ ಬೇರೆ: ಮೇಲಿನ ಭಾಗಕ್ಕೆ ತಿರುಪಿನಂತೆ ಉಕ್ಕಿನ ಪಟ್ಟಿಗಳನ್ನು ಸುತ್ತಿ, ಇಡೀ ಎತ್ತರಕ್ಕೆ ಸುಳಿಗಳು ಒಂದೇ ಹೊತ್ತಿಗೆ ಕಳಚದಂತೆ ಮಾಡುತ್ತಾರೆ.

1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ ಕುಸಿದುದನ್ನು ಇದೇ ಸುಳಿಗಳ ಲೆಕ್ಕಕ್ಕೆ ಹಾಕುವ ರೂಢಿ ಇನ್ನೂ ಹೋಗಿಲ್ಲ. ಆ ದಿನದ ಗಾಳಿಗೆ ಸುಳಿಗಳು ಕಳಚಬಹುದಾಗಿದ್ದುದು ಸೆಕೆಂಡಿಗೆ ಸುಮಾರು ಒಂದು ಸಲ. ಸೇತುವೆ ತಿರುಚಿಕೊಳ್ಳುತ್ತಿದ್ದುದು ಐದು ಸೆಕೆಂಡಿಗೊಮ್ಮೆ. ಅಲ್ಲಿ ನಡೆದದ್ದು ಫ್ಲಟರ್. ಸೇತುವೆಯ ತಿರುಚುವಿಕೆಯೇ ತನ್ನನ್ನು ಇನ್ನಷ್ಟು ತಿರುಚುವ ಗಾಳಿಬಲವನ್ನು ಹುಟ್ಟಿಸಿತು. ಲಾಕ್-ಇನ್‌ಗೆ ಇರುವ ಮಿತಿ ಇದಕ್ಕಿಲ್ಲ.

ಕೊಳವೆಯ ಒಳಗಿನ ಹರಿವಿನಲ್ಲೂ ಇದೇ ನಿಯಮಗಳು ನಡೆಯುತ್ತವೆ. ಜಪಾನಿನ ಮೊಂಜು ಅಣುಸ್ಥಾವರದಲ್ಲಿ 1995ರ ಡಿಸೆಂಬರ್ 8ರಂದು, ದ್ರವ ಸೋಡಿಯಂ ಹರಿಯುವ ಕೊಳವೆಯೊಳಕ್ಕೆ ಚಾಚಿದ್ದ ತಾಪಮಾಪಕದ ಕವಚವೊಂದು ಮುರಿದು ಸೋಡಿಯಂ ಸೋರಿ ಬೆಂಕಿ ಹೊತ್ತಿತು. ಇಲ್ಲಿ ಎರಡೂ ಬದಿಯ ಸುಳಿಗಳು ಸರದಿಯಂತೆ ಕಳಚದೆ ಒಟ್ಟಿಗೆ ಕಳಚಿದ್ದರಿಂದ ಕವಚ ಅಡ್ಡಕ್ಕಲ್ಲದೆ ಹರಿವಿನ ದಿಕ್ಕಿನಲ್ಲೇ ಹಿಂದೆ ಮುಂದೆ ನಡುಗಿತ್ತು. ದಪ್ಪನೆಯ ಬುಡ ಒಮ್ಮೆಲೇ ಸಣ್ಣಗಾಗುವ ಜಾಗದಲ್ಲಿ ಲೋಹ ದಣಿದು ಬಿರುಕುಬಿಟ್ಟಿತು. ಸ್ಥಾವರ ಮತ್ತೆ ಚಾಲನೆಗೊಂಡದ್ದು 2010ರಲ್ಲಿ. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಲು ನಿರ್ಧರಿಸಲಾಯಿತು.

ಸಾವಿರಾರು ಸಣ್ಣ ಕೊಳವೆಗಳು ಒತ್ತಾಗಿ ನಿಂತಿರುವ ಹಬೆ ಉತ್ಪಾದಕಗಳಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಒಂದು ಕೊಳವೆ ಕದಲಿದರೆ ಪಕ್ಕದ ಸಂದಿನ ಹರಿವು ಬದಲಾಗಿ ನೆರೆಯ ಕೊಳವೆಯೂ ಕದಲುತ್ತದೆ, ನಿರ್ದಿಷ್ಟ ವೇಗ ಮೀರಿದರೆ ಎಲ್ಲವೂ ಪರಸ್ಪರ ಬಡಿದಾಡುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಓನೋಫ್ರೆ ಅಣುಸ್ಥಾವರದಲ್ಲಿ ಹೊಸದಾಗಿ ಕೂಡಿಸಿದ್ದ ಉತ್ಪಾದಕವೊಂದು 2012ರ ಜನವರಿಯಲ್ಲಿ ಸೋರಿದಾಗ, ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಕೊಳವೆಗಳು ಒಂದಕ್ಕೊಂದು ತಿಕ್ಕಿ ಸವೆದಿರುವುದು ಕಂಡಿತು. ಬಾಗಿನ ಸಮತಲದಿಂದ ಹೊರಕ್ಕೆ ಅಲುಗದಂತೆ ಕೊಳವೆಗಳ ನಡುವೆ ಪಟ್ಟಿಗಳನ್ನು ಕೂಡಿಸಲಾಗಿತ್ತು. ಅವು ಅಲುಗಿದ್ದು ಆ ಸಮತಲದೊಳಗೇ. 2013ರ ಜೂನ್‌ನಲ್ಲಿ ಸ್ಥಾವರವನ್ನು ಶಾಶ್ವತವಾಗಿ ನಿಲ್ಲಿಸುವುದಾಗಿ ಘೋಷಿಸಲಾಯಿತು.